ಇಂಡೆಕ್ಸ್ ಆಪ್ಶನ್ ಸ್ಪ್ರೆಡ್: ಯಾವಾಗ ಒಳಗೆ ಹೋಗಬೇಕು? ಆಯ್ಕೆಗಳ ಹೋಲಿಕೆ

ಸೂಚ್ಯಂಕದ ಮೇಲೆ ಸ್ಪ್ರೆಡ್ (ಒಂದು ಆಪ್ಶನ್ ಮಾರಿ, ಜೊತೆಗೆ ಇನ್ನೊಂದನ್ನು ಕೊಳ್ಳುವ ಜೋಡಿ) ಹಾಕಲು ಕೂತವರು ಮೊದಲು ನೋಡುವುದು ಸ್ಟ್ರೈಕ್, ಅಂದರೆ ಆಪ್ಶನ್‌ನಲ್ಲಿ ಗೊತ್ತುಮಾಡಿದ ಬೆಲೆ. ಯಾವಾಗ ಹಾಕಬೇಕು ಎಂಬುದು ಎಷ್ಟೋ ಸಲ 'ಇವತ್ತು ಬಿಡುವಿದೆ' ಎಂಬಷ್ಟಕ್ಕೇ ತೀರ್ಮಾನವಾಗಿಬಿಡುತ್ತದೆ. ಆದರೆ ಆ 'ಯಾವಾಗ' ಒಂದೇ ಪ್ರಶ್ನೆಯಲ್ಲ. ಎಕ್ಸ್‌ಪೈರಿಗೆ (ಆಪ್ಶನ್ ಮುಗಿಯುವ ದಿನಕ್ಕೆ) ಎಷ್ಟು ದಿನ ಇರುವಾಗ, ಐವಿ (ಆಪ್ಶನ್ ಬೆಲೆಯೊಳಗೆ ಅಡಗಿರುವ ಮುಂದಿನ ಏರಿಳಿತದ ಅಂದಾಜು) ಎಲ್ಲಿರುವಾಗ, ದೊಡ್ಡ ಪ್ರಕಟಣೆಗೆ ಮೊದಲೋ ನಂತರವೋ, ದಿನದ ಯಾವ ಹೊತ್ತಿಗೆ, ಒಟ್ಟಿಗೋ ಕಂತಿನಲ್ಲೋ: ಇವೆಲ್ಲ ಅದರಲ್ಲಿ ಸೇರಿಕೊಂಡಿವೆ. ಪ್ರತಿಯೊಂದರಲ್ಲೂ ಎರಡು ಮೂರು ದಾರಿಗಳಿವೆ. ಯಾವ ದಾರಿ ಹಿಡಿದರೂ ಪ್ರೀಮಿಯಂ (ಆಪ್ಶನ್ ಮಾರಿದ್ದಕ್ಕೆ ಬರುವ ಹಣ) ಸಿಗುತ್ತದೆ. ಯಾವ ಅಪಾಯ ಹೊತ್ತುಕೊಂಡಿದ್ದಕ್ಕೆ ಅದು ಸಿಗುತ್ತಿದೆ ಎನ್ನುವುದು ಮಾತ್ರ ದಾರಿಯಿಂದ ದಾರಿಗೆ ಬದಲಾಗುತ್ತದೆ.

ಲೆಕ್ಕಕ್ಕೆ ಅನುಕೂಲವಾಗಲಿ ಎಂದು ಸೂಚ್ಯಂಕ 5000ದಲ್ಲಿದೆ ಎಂದುಕೊಳ್ಳೋಣ. ಮುಖ್ಯ ಉದಾಹರಣೆ ಪುಟ್ ಕ್ರೆಡಿಟ್ ಸ್ಪ್ರೆಡ್: ಮೇಲಿನ ಸ್ಟ್ರೈಕ್‌ನ ಪುಟ್ ಮಾರಾಟ, 50 ಪಾಯಿಂಟ್ ಕೆಳಗಿನ ಪುಟ್ ಖರೀದಿ. (ಪುಟ್ ಎಂದರೆ ಗೊತ್ತಾದ ಬೆಲೆಗೆ ಮಾರುವ ಹಕ್ಕು, ಕಾಲ್ ಎಂದರೆ ಕೊಳ್ಳುವ ಹಕ್ಕು. ಮಾರಿದ್ದರ ಬೆಲೆಯಿಂದ ಕೊಂಡದ್ದರ ಬೆಲೆ ಕಳೆದು ಕೈಗೆ ಬರುವ ಹಣವೇ ಕ್ರೆಡಿಟ್.) ಐವಿ 18 (ವರ್ಷಕ್ಕೆ, ಪ್ರತಿಶತದಲ್ಲಿ) ಎಂದಿರಲಿ. ಬಡ್ಡಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಅಂಕಿಗಳೆಲ್ಲ ಆಪ್ಶನ್ ಬೆಲೆ ಕಟ್ಟುವ ಬ್ಲ್ಯಾಕ್-ಶೋಲ್ಸ್ ಸೂತ್ರದಿಂದ ಬಂದವು, ಎರಡೂ ಲೆಗ್‌ಗೆ (ಜೋಡಿಯ ಒಂದೊಂದು ಆಪ್ಶನ್‌ಗೆ) ಒಂದೇ ಐವಿ ಇಟ್ಟು ಮಾಡಿದವು. ನಿಜವಾದ ಮಾರುಕಟ್ಟೆಯಲ್ಲಿ ಕೆಳಗಿನ ಸ್ಟ್ರೈಕ್‌ನ ಐವಿ ಸ್ವಲ್ಪ ಹೆಚ್ಚಿರುತ್ತದೆ. ಹಾಗಾಗಿ ಕೊಳ್ಳುವ ಪುಟ್ ದುಬಾರಿಯಾಗಿ, ಕೈಗೆ ಬರುವ ಕ್ರೆಡಿಟ್ ಇಲ್ಲಿ ಹೇಳಿದ್ದಕ್ಕಿಂತ ಒಂದು ಪಾಯಿಂಟ್‌ನಷ್ಟು ಕಡಿಮೆಯೇ ಇರುತ್ತದೆ.

45 ದಿನವೋ, 7 ದಿನವೋ, ಅದೇ ದಿನವೋ

ಹೆಚ್ಚು ಜನ ಎಡವುವುದು ಇಲ್ಲೇ. ಆದ್ದರಿಂದ ಮೊದಲು ಅಂಕಿಗಳನ್ನು ಪಕ್ಕಪಕ್ಕ ಇಡೋಣ.

ಎಕ್ಸ್‌ಪೈರಿಗೆ 45 ದಿನ ಇರುವಾಗ 16 ಡೆಲ್ಟಾದ ಪುಟ್ (ಸೂಚ್ಯಂಕ 100 ಪಾಯಿಂಟ್ ಚಲಿಸಿದರೆ ಬೆಲೆ ಸುಮಾರು 16 ಪಾಯಿಂಟ್ ಬದಲಾಗುವಂಥದ್ದು) ಸುಮಾರು 4700ರಲ್ಲಿ ಸಿಗುತ್ತದೆ. 4700 ಮಾರಿ 4650 ಕೊಂಡರೆ ಕ್ರೆಡಿಟ್ ಸುಮಾರು 7.5 ಪಾಯಿಂಟ್. 7 ದಿನ ಇರುವಾಗ ಅದೇ 16 ಡೆಲ್ಟಾ 4880ರಲ್ಲಿ ಸಿಗುತ್ತದೆ. 4880/4830 ಸ್ಪ್ರೆಡ್‌ನ ಕ್ರೆಡಿಟ್ ಸುಮಾರು 6. ಒಂದೂವರೆ ತಿಂಗಳು ಕಾದರೆ ಏಳೂವರೆ, ಒಂದೇ ವಾರಕ್ಕೆ ಆರು! ಸೂಚ್ಯಂಕ ಅಲ್ಲಾಡದೆ ನಿಂತರೆ 45 ದಿನದ ಸ್ಪ್ರೆಡ್ ಮೊದಲ 21 ದಿನಗಳಲ್ಲಿ 7.5ರಿಂದ 3.8ಕ್ಕೆ ಇಳಿಯುತ್ತದೆ, ಅಂದರೆ ದಿನಕ್ಕೆ 0.18ರಂತೆ. ವಾರದ್ದು ದಿನಕ್ಕೆ ಸರಾಸರಿ 0.86 ಕೊಡುತ್ತದೆ. ಇಷ್ಟನ್ನೇ ನೋಡಿದವರು ವಾರದ್ದನ್ನು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ.

ಈಗ ಮರುದಿನವೇ ಸೂಚ್ಯಂಕ 2% ಕುಸಿದು 4900ಕ್ಕೆ ಬಂತು ಎಂದುಕೊಳ್ಳಿ. ಹತ್ತಿರದ ಐವಿ 22ಕ್ಕೂ ದೂರದ ಐವಿ 20ಕ್ಕೂ ಏರಿದೆ. (ಕುಸಿತದಲ್ಲಿ ಹತ್ತಿರದ ಎಕ್ಸ್‌ಪೈರಿಯ ಐವಿ ಹೆಚ್ಚು ಏರುವುದು ಸಾಮಾನ್ಯ.) 45 ದಿನದ ಸ್ಪ್ರೆಡ್‌ನ ಬೆಲೆ 7.5ರಿಂದ ಸುಮಾರು 13ಕ್ಕೆ ಹೋಗುತ್ತದೆ, ನಷ್ಟ ಐದೂವರೆ ಪಾಯಿಂಟ್. ವಾರದ್ದು 6ರಿಂದ ಸುಮಾರು 19ಕ್ಕೆ ಹೋಗುತ್ತದೆ, ನಷ್ಟ ಹದಿಮೂರು. ಮೊದಲನೆಯದರಲ್ಲಿ ಮಾರಿದ ಸ್ಟ್ರೈಕ್ ಇನ್ನೂ 200 ಪಾಯಿಂಟ್ ಕೆಳಗಿದೆ, ಯೋಚಿಸಲು ವಾರಗಳಿವೆ. ಎರಡನೆಯದರಲ್ಲಿ ಸ್ಟ್ರೈಕ್ ಇಪ್ಪತ್ತೇ ಪಾಯಿಂಟ್ ದೂರ. ದಿನಕ್ಕೆ ಐದು ಪಟ್ಟು ಕೂಲಿ ಸಿಕ್ಕಿದ್ದು ಈ ಗಾಮಾವನ್ನು, ಅಂದರೆ ಸೂಚ್ಯಂಕ ಚಲಿಸಿದಂತೆ ಡೆಲ್ಟಾ ಬೇಗ ಬದಲಾಗುವ ಅಪಾಯವನ್ನು, ಹೊತ್ತುಕೊಂಡಿದ್ದಕ್ಕೆ.

ಹಾಗೆಂದು 45 ದಿನವೇ ಸರಿ ಎಂದೂ ಅಲ್ಲ. ದಿನಕ್ಕೆ ಒಮ್ಮೆ ಮಾತ್ರ ಪರದೆ ನೋಡಬಲ್ಲವರಿಗೆ, ಬೇರೆ ಕೆಲಸ ಇಟ್ಟುಕೊಂಡವರಿಗೆ 30ರಿಂದ 45 ದಿನದ ಪ್ರವೇಶ ಒಗ್ಗುತ್ತದೆ. ಅರ್ಧ ಕ್ರೆಡಿಟ್ ಬಂದಾಗ ಅಥವಾ 21 ದಿನ ಉಳಿದಾಗ, ಯಾವುದು ಮೊದಲೋ ಆಗ ಹೊರಗೆ ಬರುವ ರೂಢಿ ಹುಟ್ಟಿದ್ದೂ ಇದೇ ಲೆಕ್ಕದಿಂದ: ಆಮೇಲೆ ಉಳಿಯುವ ಸಣ್ಣ ಕ್ರೆಡಿಟ್‌ಗಾಗಿ ದೊಡ್ಡ ಗಾಮಾ ಹೊರುವುದು ಬೇಡ ಎಂದು. ವಾರದ ಸ್ಪ್ರೆಡ್ ಹಾಕುವವರಿಗೆ ದಿನದೊಳಗೇ ಹೊರಬರುವ ವ್ಯವಸ್ಥೆ ಬೇಕು. ಸ್ಪ್ರೆಡ್‌ನ ಬೆಲೆ ಪಡೆದ ಕ್ರೆಡಿಟ್‌ನ ಎರಡು ಪಟ್ಟಾದಾಗ ಮುಚ್ಚುವ ನಿಯಮ ಮೊದಲೇ ಬರೆದಿಟ್ಟಿರಬೇಕು. ಆದರೆ ಇಂಥ ನಿಯಮ (ಸ್ಟಾಪ್) ರಾತ್ರಿಯ ಗ್ಯಾಪ್‌ಗೆ, ಅಂದರೆ ಹಿಂದಿನ ದಿನ ಮುಚ್ಚಿದ ಬೆಲೆಯಿಂದ ಬೆಳಿಗ್ಗೆ ತೆರೆಯುವ ಬೆಲೆಗೆ ಆಗುವ ಜಿಗಿತಕ್ಕೆ, ಅಡ್ಡ ನಿಲ್ಲುವುದಿಲ್ಲ. ಮೇಲಿನ ಉದಾಹರಣೆಯಲ್ಲಿ 12ಕ್ಕೆ ಮುಚ್ಚಬೇಕೆಂದಿದ್ದ ಸ್ಪ್ರೆಡ್ ಬೆಳಿಗ್ಗೆ ನೇರವಾಗಿ 19ರಲ್ಲಿ ತೆರೆದುಕೊಂಡೀತು.

'ಕೊನೆಯ ಮೂವತ್ತು ದಿನಗಳಲ್ಲಿ ಕಾಲಕ್ಷಯ ವೇಗವಾಗುತ್ತದೆ' (ದಿನ ಕಳೆದಂತೆ ಆಪ್ಶನ್ ಬೆಲೆ ಕರಗುವುದೇ ಕಾಲಕ್ಷಯ) ಎಂಬ ಮಾತನ್ನೂ ಸ್ವಲ್ಪ ತಿದ್ದಿಕೊಳ್ಳಬೇಕು. ಸೂಚ್ಯಂಕದ ಪಕ್ಕದಲ್ಲೇ ಇರುವ ಸ್ಟ್ರೈಕ್‌ಗೆ ಅದು ನಿಜ. ದೂರದ ಸ್ಟ್ರೈಕ್‌ನ ಆಪ್ಶನ್ ಮೊದಲೇ ಸವೆದು, ಕೊನೆಯ ದಿನಗಳಿಗೆ ಕರಗಲು ಹೆಚ್ಚೇನೂ ಉಳಿದಿರುವುದಿಲ್ಲ.

ಅದೇ ದಿನ ಮುಗಿಯುವ ಸ್ಪ್ರೆಡ್‌ಗಳದ್ದು ಬೇರೆಯೇ ಆಟ. ಅಮೆರಿಕದ ಎಸ್ ಆ್ಯಂಡ್ ಪಿ 500 ಸೂಚ್ಯಂಕದ ಆಪ್ಶನ್‌ಗಳಿಗೆ 2022ರಿಂದ ವಾರದ ಐದೂ ವಹಿವಾಟು ದಿನ ಎಕ್ಸ್‌ಪೈರಿ ಇದೆ. ಇಲ್ಲಿ ರಾತ್ರಿಯ ಗ್ಯಾಪ್ ಇಲ್ಲ ಎನ್ನುವುದು ದೊಡ್ಡ ಅನುಕೂಲ. ತೊಂದರೆ ಇರುವುದು ಖರ್ಚಿನಲ್ಲಿ. 10 ಪಾಯಿಂಟ್ ಅಗಲದ ಸ್ಪ್ರೆಡ್‌ಗೆ 0.80 ಕ್ರೆಡಿಟ್ ಸಿಕ್ಕಿ, ಒಳಬರುವಾಗ 0.10, ಹೊರಹೋಗುವಾಗ 0.10 ಬಿಡ್-ಆಸ್ಕ್ ಅಂತರಕ್ಕೆ (ಕೊಳ್ಳುವವರು ಕೊಡುವ, ಮಾರುವವರು ಕೇಳುವ ಬೆಲೆಗಳ ವ್ಯತ್ಯಾಸಕ್ಕೆ) ಹೋದರೆ ಕಾಲು ಭಾಗ ಅಲ್ಲೇ ಮುಗಿಯಿತು. ಬ್ರೋಕರ್ ಶುಲ್ಕ ಇನ್ನೂ ಬಾಕಿ. ಉಳಿದ 0.60ಕ್ಕಾಗಿ 9.20 ಪಾಯಿಂಟ್ ಅಪಾಯದಲ್ಲಿರುತ್ತದೆ.

ಐವಿ ಏರಿದಾಗಲೋ, ಇಳಿಯತೊಡಗಿದಾಗಲೋ

ಐವಿ ಹೆಚ್ಚಿರುವಾಗ ಮಾರು, ಕಡಿಮೆ ಇರುವಾಗ ಕೊಳ್ಳು ಎನ್ನುವುದು ಎಲ್ಲರ ಬಾಯಲ್ಲೂ ಇರುವ ಮಾತು. ಸ್ಪ್ರೆಡ್‌ಗೆ ಅದು ಎಷ್ಟರ ಮಟ್ಟಿಗೆ ಅನ್ವಯಿಸುತ್ತದೆ ಎನ್ನುವುದಕ್ಕೆ ವೇಗಾ (ಐವಿ ಒಂದು ಅಂಕ ಬದಲಾದರೆ ಬೆಲೆ ಎಷ್ಟು ಬದಲಾಗುತ್ತದೆ ಎಂಬ ಅಳತೆ) ನೋಡಬೇಕು. 45 ದಿನದ 4700 ಪುಟ್ ಒಂದನ್ನೇ ಮಾರಿದರೆ ಐವಿ ಒಂದು ಅಂಕ ಇಳಿದಾಗ ಸುಮಾರು 4.2 ಪಾಯಿಂಟ್ ಲಾಭ. 4700/4650 ಸ್ಪ್ರೆಡ್‌ಗೆ ಸಿಗುವುದು 0.7 ಮಾತ್ರ, ಆರನೇ ಒಂದು ಭಾಗ. ಕೊಂಡ ಪುಟ್ ಮಾರಿದ ಪುಟ್‌ನ ವೇಗಾವನ್ನು ಬಹುಪಾಲು ನುಂಗಿಹಾಕುತ್ತದೆ. ಹಾಗಾಗಿ 'ಐವಿ ಕುಸಿತದಿಂದ ಲಾಭ' ಎಂಬ ಒಂದೇ ಕಾರಣಕ್ಕೆ ತಿಂಗಳುಗಟ್ಟಲೆ ಕಾಯುವುದು ಕಿರಿದಾದ ಸ್ಪ್ರೆಡ್‌ಗೆ ಅಷ್ಟಾಗಿ ಹೊಂದುವುದಿಲ್ಲ.

ಹೆಚ್ಚಿನ ಐವಿಯಿಂದ ಸ್ಪ್ರೆಡ್‌ಗೆ ಆಗುವ ನಿಜವಾದ ಉಪಕಾರ ದೂರದ್ದು. ಐವಿ 18ರ ಬದಲು 28 ಇದ್ದರೆ 16 ಡೆಲ್ಟಾ 4700ರಿಂದ 4550ಕ್ಕೆ ಸರಿಯುತ್ತದೆ. 4550/4500 ಸ್ಪ್ರೆಡ್‌ನ ಕ್ರೆಡಿಟ್ ಸುಮಾರು 8.3. ಅಂದರೆ ಹಿಂದಿನಷ್ಟೇ, ಇನ್ನೂ ತುಸು ಹೆಚ್ಚೇ ಹಣ, ಜೊತೆಗೆ 150 ಪಾಯಿಂಟ್ ಹೆಚ್ಚುವರಿ ಅಂತರ. ಇದನ್ನು ಬಿಟ್ಟು ಹಳೆಯ ಸ್ಟ್ರೈಕ್‌ನಲ್ಲೇ ಹೆಚ್ಚು ಕ್ರೆಡಿಟ್ ತೆಗೆದುಕೊಳ್ಳುವವರೂ ಇದ್ದಾರೆ. ಐವಿ 28 ಇರುವ ಮಾರುಕಟ್ಟೆ ದಿನಕ್ಕೆ ಒಂದೂಮುಕ್ಕಾಲು ಪ್ರತಿಶತ ಅತ್ತಿತ್ತ ಆಡುತ್ತದೆ ಎನ್ನುವುದನ್ನು ಅವರು ಮರೆತಿರುತ್ತಾರೆ. (ವರ್ಷದ ಐವಿಯನ್ನು 16ರಿಂದ ಭಾಗಿಸಿದರೆ ದಿನದ ಅಂದಾಜು ಚಲನೆ ಪ್ರತಿಶತದಲ್ಲಿ ಸಿಗುತ್ತದೆ; 252 ವಹಿವಾಟು ದಿನಗಳ ವರ್ಗಮೂಲ ಸುಮಾರು 16.)

ಐವಿ 'ಹೆಚ್ಚು' ಎಂದು ತೀರ್ಮಾನಿಸುವುದು ಹೇಗೆ? ಎರಡು ಅಳತೆಗಳು ಬಳಕೆಯಲ್ಲಿವೆ. ಐವಿ ರ್‍ಯಾಂಕ್ ಲೆಕ್ಕ: ಇಂದಿನ ಐವಿಯಿಂದ ವರ್ಷದ ಕನಿಷ್ಠವನ್ನು ಕಳೆದು, ವರ್ಷದ ಗರಿಷ್ಠ-ಕನಿಷ್ಠದ ಅಂತರದಿಂದ ಭಾಗಿಸುವುದು. ಕನಿಷ್ಠ 12, ಗರಿಷ್ಠ 38, ಇಂದು 18 ಆದರೆ 6ನ್ನು 26ರಿಂದ ಭಾಗಿಸಿ 23%. ಪರ್ಸೆಂಟೈಲ್ ಎಂದರೆ ಕಳೆದ ವರ್ಷದ ಎಷ್ಟು ದಿನಗಳಲ್ಲಿ ಐವಿ ಇಂದಿಗಿಂತ ಕಡಿಮೆ ಇತ್ತು ಎಂಬ ಎಣಿಕೆ. ಬಹುತೇಕ ದಿನ 13–16ರಲ್ಲೇ ಕಳೆದ ವರ್ಷವಾದರೆ ಅದೇ 18ಕ್ಕೆ ಪರ್ಸೆಂಟೈಲ್ 80 ದಾಟಿರಬಹುದು. ಒಂದೇ ಒಂದು ದಿನದ ಹುಚ್ಚು ಜಿಗಿತ ರ್‍ಯಾಂಕನ್ನು ಇಡೀ ವರ್ಷ ಕೆಳಗೆ ಒತ್ತಿ ಹಿಡಿಯುತ್ತದೆ. ಎರಡರಲ್ಲಿ ಒಂದನ್ನೇ ಆರಿಸುವುದಾದರೆ ಪರ್ಸೆಂಟೈಲ್ ವಾಸಿ.

ಎರಡಕ್ಕೂ ಸಮಾನವಾದ ದೋಷವೊಂದಿದೆ: ಹೆಚ್ಚಿದ್ದದ್ದು ಇನ್ನೂ ಹೆಚ್ಚಾಗದು ಎಂದು ಇವು ಹೇಳುವುದಿಲ್ಲ. 2020ರ ಫೆಬ್ರುವರಿ 24ರಂದು ವಿಕ್ಸ್ (ಎಸ್ ಆ್ಯಂಡ್ ಪಿ 500 ಆಪ್ಶನ್‌ಗಳ ಒಂದು ತಿಂಗಳ ಐವಿಯನ್ನು ತೋರುವ ಸೂಚಿ) 25ರಲ್ಲಿ ಮುಗಿದಿತ್ತು. ಯಾವ ಅಳತೆಯಲ್ಲಿ ನೋಡಿದರೂ ಅದು ಮಾರಬೇಕಾದ ದಿನ. ಮೂರು ವಾರಗಳ ನಂತರ, ಮಾರ್ಚ್ 16ರಂದು ಅದೇ ವಿಕ್ಸ್ 82.69ರಲ್ಲಿ ಮುಗಿಯಿತು. ಮಾರ್ಚ್ 23ರ ಹೊತ್ತಿಗೆ ಎಸ್ ಆ್ಯಂಡ್ ಪಿ 500, ಫೆಬ್ರುವರಿ 24ರ ಮಟ್ಟದಿಂದ ಸುಮಾರು 30% ಕೆಳಗಿತ್ತು. ಮೊದಲ ಜಿಗಿತದಲ್ಲೇ ಮಾರಿದ ಪುಟ್ ಸ್ಪ್ರೆಡ್ ಸಾಕಷ್ಟು ದೂರದ್ದಾಗಿದ್ದರೂ ಪೂರ್ತಿ ನಷ್ಟದಲ್ಲಿ ಮುಗಿಯುವಂಥ ಕುಸಿತ ಅದು.

ಹಾಗಾಗಿ ಎರಡು ದಾರಿಗಳ ನಡುವೆ ಆರಿಸಬೇಕು. ಏರುತ್ತಿರುವಾಗಲೇ ಮಾರುವುದು ಒಂದು. ಏರಿ, ತಿರುಗಿದ ಮೇಲೆ ಮಾರುವುದು ಇನ್ನೊಂದು. ತಿರುಗಿದ್ದನ್ನು ಗುರುತಿಸಲು ಸರಳವಾದ ಸಾಧನ ಎರಡು ಅವಧಿಯ ಐವಿಗಳ ಅನುಪಾತ. ಒಂದು ತಿಂಗಳ ಐವಿಯನ್ನು ಮೂರು ತಿಂಗಳ ಐವಿಯಿಂದ ಭಾಗಿಸಿ. ಶಾಂತ ದಿನಗಳಲ್ಲಿ ಅದು 1ಕ್ಕಿಂತ ಕಡಿಮೆ: ದೂರದ್ದು ದುಬಾರಿ, ಹತ್ತಿರದ್ದು ಅಗ್ಗ. ಗಾಬರಿಯಲ್ಲಿ 1ನ್ನು ದಾಟುತ್ತದೆ. ದಾಟಿದ ಮೇಲೆ ಸುಮ್ಮನಿದ್ದು, ಮರಳಿ 1ರ ಕೆಳಗೆ ಎರಡು ದಿನ ಮುಗಿದಾಗ ಪ್ರವೇಶಿಸುವುದು ಎಚ್ಚರದ ದಾರಿ. ಗರಿಷ್ಠ ಪ್ರೀಮಿಯಂ ಕೈ ತಪ್ಪುತ್ತದೆ, ನಿಜ. ಆದರೆ ಮಳೆ ನಿಂತರೂ ಮರದ ಹನಿ ನಿಲ್ಲದು ಎನ್ನುವಂತೆ ಐವಿ ಜಿಗಿಯುವಷ್ಟು ಬೇಗ ಇಳಿಯುವುದಿಲ್ಲ. ತಿರುಗಿದ ಮೇಲೂ ವಾರಗಟ್ಟಲೆ ಪ್ರೀಮಿಯಂ ದಪ್ಪಗೇ ಇರುತ್ತದೆ. ಈ ಕಾಯುವಿಕೆಯ ದುರ್ಬಲ ಬದಿ ಎಂದರೆ ಸುಳ್ಳು ತಿರುವು: ಅನುಪಾತ 1ರ ಕೆಳಗೆ ಬಂದು ಮತ್ತೆ ಮೇಲೆ ಹೋಗುವುದು. ಅದಕ್ಕೇ ಮೊದಲ ಪ್ರವೇಶ ಅರ್ಧ ಗಾತ್ರದಲ್ಲಿರಲಿ.

ತೀರಾ ಕಡಿಮೆ ಐವಿಯಲ್ಲಿ ಏನು ಮಾಡುವುದು? 2017ರಲ್ಲಿ ವಿಕ್ಸ್ 10ರ ಕೆಳಗೆ ಎಷ್ಟೋ ದಿನ ಮುಗಿದಿತ್ತು. ಅಂಥ ಕಾಲದಲ್ಲಿ ಕ್ರೆಡಿಟ್ ಉಳಿಸಿಕೊಳ್ಳಲು ಸ್ಟ್ರೈಕನ್ನು ಹತ್ತಿರಕ್ಕೆ ಎಳೆಯುವ ಚಟ ಹತ್ತುತ್ತದೆ. ಮುಂದಿನ ವರ್ಷವೇ, 2018ರ ಫೆಬ್ರುವರಿ 5ರಂದು, ಒಂದೇ ದಿನದಲ್ಲಿ ವಿಕ್ಸ್ 17.31ರಿಂದ 37.32ಕ್ಕೆ ಹಾರಿತು, ಸೂಚ್ಯಂಕ ಸುಮಾರು 4% ಬಿತ್ತು. ಕಡಿಮೆ ಐವಿಯಲ್ಲಿ ಗಾತ್ರ ಇಳಿಸಿ ದೂರವನ್ನು ಹಾಗೇ ಇಟ್ಟುಕೊಳ್ಳುವುದು ಒಂದು ದಾರಿ, ದಿಕ್ಕಿನ ಬಗ್ಗೆ ಖಚಿತ ಅಭಿಪ್ರಾಯ ಇದ್ದವರಿಗೆ ಡೆಬಿಟ್ ಸ್ಪ್ರೆಡ್ (ಮೊದಲೇ ಹಣ ಕೊಟ್ಟು ಕೊಳ್ಳುವ ಜೋಡಿ) ಇನ್ನೊಂದು.

ಕ್ರೆಡಿಟ್, ಡೆಬಿಟ್: ಒಂದು ಭ್ರಮೆ

ಡೆಬಿಟ್ ಎಂದ ಕೂಡಲೇ ಅದು ಕಾಲದ ವಿರುದ್ಧದ ಪಂದ್ಯ, ಕ್ರೆಡಿಟ್ ಕಾಲದ ಪರ ಎಂದುಕೊಳ್ಳುವುದುಂಟು. 4700/4650 ಪುಟ್ ಸ್ಪ್ರೆಡ್ ಅನ್ನು 7.5ಕ್ಕೆ ಮಾರುವುದೂ, ಅದೇ ಸ್ಟ್ರೈಕ್‌ಗಳ ಕಾಲ್ ಸ್ಪ್ರೆಡ್ ಅನ್ನು (4650 ಕಾಲ್ ಕೊಂಡು, 4700 ಕಾಲ್ ಮಾರಿ) 42.5ಕ್ಕೆ ಕೊಳ್ಳುವುದೂ ಬಡ್ಡಿಯನ್ನು ಬಿಟ್ಟರೆ ಒಂದೇ. ಗರಿಷ್ಠ ಲಾಭ ಎರಡರಲ್ಲೂ 7.5, ಗರಿಷ್ಠ ನಷ್ಟ 42.5. ಸೂಚ್ಯಂಕಕ್ಕೆ ಹೋಲಿಸಿದರೆ ಸ್ಟ್ರೈಕ್ ಎಲ್ಲಿದೆ ಎನ್ನುವುದೇ ಥೀಟಾದ (ದಿನವೊಂದಕ್ಕೆ ಆಗುವ ಕಾಲಕ್ಷಯದ) ಚಿಹ್ನೆಯನ್ನು ನಿರ್ಧರಿಸುತ್ತದೆ. ಸೂಚ್ಯಂಕ ಎರಡು ಸ್ಟ್ರೈಕ್‌ಗಳ ನಡುವೆ ಕೂತಿದ್ದರೆ ಥೀಟಾ, ವೇಗಾ ಎರಡೂ ಸೊನ್ನೆಯ ಹತ್ತಿರ. ಅದು ಹೆಚ್ಚುಕಡಿಮೆ ಶುದ್ಧ ದಿಕ್ಕಿನ ಪಂದ್ಯ. ಅಂಥದ್ದಕ್ಕೆ ಐವಿ ನೋಡಿ ಕಾಯುವುದರಲ್ಲಿ ಅರ್ಥವಿಲ್ಲ, ಸೂಚ್ಯಂಕದ ಚಲನೆಯನ್ನೇ ನೋಡಬೇಕು. ಎರಡು ರೂಪಗಳಲ್ಲಿ ಬಿಡ್-ಆಸ್ಕ್ ಅಂತರ ಯಾವುದರಲ್ಲಿ ಕಡಿಮೆಯೋ ಅದನ್ನು ಆರಿಸಿ. ಸಾಮಾನ್ಯವಾಗಿ ಅದು ಸೂಚ್ಯಂಕದಿಂದ ಹೊರಗಿರುವ ಆಪ್ಶನ್‌ಗಳ (ಸೂಚ್ಯಂಕಕ್ಕಿಂತ ಕೆಳಗಿನ ಪುಟ್ ಅಥವಾ ಮೇಲಿನ ಕಾಲ್) ಜೋಡಿ.

ದೊಡ್ಡ ಪ್ರಕಟಣೆಗೆ ಮೊದಲೋ, ನಂತರವೋ

ಮೊದಲು ಮಾಡಬೇಕಾದ ಲೆಕ್ಕ: ಆ ಒಂದು ದಿನಕ್ಕೆ ಮಾರುಕಟ್ಟೆ ಎಷ್ಟು ಚಲನೆಯನ್ನು ಬೆಲೆಯೊಳಗೆ ಸೇರಿಸಿದೆ? ಐದು ವಹಿವಾಟು ದಿನ ಉಳಿದ ಎಕ್ಸ್‌ಪೈರಿಯ ಐವಿ 20, ಪ್ರಕಟಣೆ ಇಲ್ಲದ ಮಾಮೂಲಿ ದಿನದ ಮಟ್ಟ 16 ಎನ್ನಿ. ಐವಿಯನ್ನು ನೇರವಾಗಿ ಕೂಡಿಸಬಾರದು, ಅದರ ವರ್ಗವನ್ನು ಕೂಡಿಸಬೇಕು. 5 × 400 = 2000; ಮಾಮೂಲಿ ನಾಲ್ಕು ದಿನದ್ದು 4 × 256 = 1024; ಉಳಿದದ್ದು 976, ಅದರ ವರ್ಗಮೂಲ ಸುಮಾರು 31. ಅದನ್ನು 16ರಿಂದ ಭಾಗಿಸಿದರೆ ಸುಮಾರು 2%. ಅಂದರೆ ಆ ಒಂದು ದಿನಕ್ಕೆ ಸುಮಾರು 100 ಪಾಯಿಂಟ್ ಚಲನೆ ಬೆಲೆಯಲ್ಲಿ ಈಗಾಗಲೇ ಕೂತಿದೆ.

ಪ್ರಕಟಣೆಗೆ ಮೊದಲು ಮಾರುವವರು ಈ 2% ಹೆಚ್ಚಾಯಿತು ಎನ್ನುತ್ತಿದ್ದಾರೆ; ಕೊಳ್ಳುವವರು ಕಡಿಮೆಯಾಯಿತು ಎನ್ನುತ್ತಿದ್ದಾರೆ. ಎರಡೂ ಅಲ್ಲದಿದ್ದರೆ ನಂತರ ಪ್ರವೇಶಿಸುವುದೇ ಸರಿ. ನಂತರ ಬರುವವರಿಗೆ ಐವಿ 16ಕ್ಕೆ ಇಳಿದಿರುತ್ತದೆ. ವಾರದ 16 ಡೆಲ್ಟಾ ಸ್ಪ್ರೆಡ್‌ನ ವೇಗಾ ಸುಮಾರು 0.65 ಎಂದು ಹಿಡಿದರೆ ನಾಲ್ಕು ಅಂಕದ ಇಳಿತದಲ್ಲಿ ಎರಡೂವರೆ ಪಾಯಿಂಟ್ ಕ್ರೆಡಿಟ್ ಹೋದಂತೆ. ಅದು ಅನಿಶ್ಚಿತತೆ ಕಳೆದದ್ದಕ್ಕೆ ಕೊಟ್ಟ ಬೆಲೆ.

ಪ್ರಕಟಣೆಯ ಹೊತ್ತೂ ಮುಖ್ಯ. ಅಮೆರಿಕದ ಉದ್ಯೋಗ ವರದಿ, ಗ್ರಾಹಕ ಬೆಲೆ ಸೂಚಿ ಬರುವುದು ನ್ಯೂಯಾರ್ಕ್ ಸಮಯ ಬೆಳಿಗ್ಗೆ 8.30ಕ್ಕೆ, ಷೇರುಪೇಟೆ ತೆರೆಯುವುದು 9.30ಕ್ಕೆ. ಹಿಂದಿನ ಸಂಜೆ ಹಾಕಿದ ಸ್ಪ್ರೆಡ್ ಗ್ಯಾಪ್‌ನ ಬಾಯಿಗೇ ಸಿಗುತ್ತದೆ, ನಡುವೆ ಸರಿಪಡಿಸುವ ಅವಕಾಶ ತೀರಾ ಕಡಿಮೆ. ಫೆಡರಲ್ ರಿಸರ್ವ್‌ನ ಬಡ್ಡಿದರ ಸಮಿತಿ ವರ್ಷಕ್ಕೆ ಎಂಟು ನಿಗದಿತ ಸಭೆ ನಡೆಸುತ್ತದೆ. ಹೇಳಿಕೆ ಮಧ್ಯಾಹ್ನ 2ಕ್ಕೆ, ಪತ್ರಿಕಾಗೋಷ್ಠಿ 2.30ಕ್ಕೆ. 2ಕ್ಕೆ ಒಂದು ದಿಕ್ಕಿಗೆ ಹಾರಿದ ಸೂಚ್ಯಂಕ 2.40ಕ್ಕೆ ಪೂರ್ತಿ ತಿರುಗಿದ್ದು ಎಷ್ಟೋ ಸಲ ಇದೆ. 'ನಂತರ' ಎಂದರೆ ಹೇಳಿಕೆಯ ನಂತರ ಅಲ್ಲ, ಗೋಷ್ಠಿಯ ಪ್ರಶ್ನೋತ್ತರ ನಡೆದು ಬಿಡ್-ಆಸ್ಕ್ ಅಂತರ ಮತ್ತೆ ಕಿರಿದಾದ ಮೇಲೆ. ಮರುದಿನ ಬೆಳಿಗ್ಗೆ ಹಾಕಿದರೂ ನಷ್ಟವೇನಿಲ್ಲ.

ದಿನದ ಯಾವ ಹೊತ್ತು

ಸೂಚ್ಯಂಕದ ಏರಿಳಿತ ದಿನದಲ್ಲಿ ಒಂದೇ ಸಮನಾಗಿರುವುದಿಲ್ಲ: ಮೊದಲ ಗಂಟೆ ಜೋರು, ನಡುವೆ ಮಂದ, ಕೊನೆಯ ಗಂಟೆ ಮತ್ತೆ ಜೋರು. ತೆರೆದ ಮೊದಲ ಹದಿನೈದು ನಿಮಿಷ ಬಿಡ್-ಆಸ್ಕ್ ಅಂತರ ಅಗಲವಾಗಿರುತ್ತದೆ. ಸೂಚ್ಯಂಕದೊಳಗಿನ ಷೇರುಗಳೆಲ್ಲ ಇನ್ನೂ ತೆರೆದಿರದ ಕಾರಣ ಪರದೆಯ ಮೇಲಿನ ಸೂಚ್ಯಂಕವೇ ಹಳೆಯದಿರಬಹುದು; ಆಪ್ಶನ್ ಬೆಲೆ ಓಡುವುದು ಸೂಚ್ಯಂಕದ ಫ್ಯೂಚರ್ (ಮುಂದಿನ ದಿನಾಂಕಕ್ಕೆ ಮಾಡುವ ಒಪ್ಪಂದ) ನೋಡಿಕೊಂಡು. ಆಗ ತೋರುವ ಮಧ್ಯದ ಬೆಲೆಯನ್ನು ನಂಬಿ ಆರ್ಡರ್ ಹಾಕಿದರೆ, ಆರ್ಡರ್ ತುಂಬಿತು ಎಂದರೇ ನೀವು ಅಗ್ಗವಾಗಿ ಮಾರಿದಿರಿ ಎಂದು ಅರ್ಥವಾಗುವ ಸಂದರ್ಭಗಳೇ ಹೆಚ್ಚು. ಲೆಗ್ ಒಂದಕ್ಕೆ ಅರ್ಧ ಪಾಯಿಂಟ್ ಜಾರಿದರೂ ಎರಡು ಲೆಗ್‌ಗೆ ಒಂದು ಪಾಯಿಂಟ್, 7.5ರಲ್ಲಿ 13%.

30ರಿಂದ 45 ದಿನದ ಸ್ಪ್ರೆಡ್‌ಗೆ ತೆರೆದ ಮೊದಲ ಗಂಟೆ ಕಳೆದ ನಂತರದ ಯಾವ ಹೊತ್ತಾದರೂ ಸರಿ. ಒಂದೆರಡು ಗಂಟೆ ಅತ್ತಿತ್ತ ಆದರೆ ಅದರ ಬೆಲೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ. ಇದರ ಬಗ್ಗೆ ತಲೆ ಕೆಡಿಸಿಕೊಳ್ಳುವವರು ಬಹಳ, ಬೇಕಾದದ್ದು ಕಡಿಮೆ. ವಾರದ ಸ್ಪ್ರೆಡ್‌ಗೆ ಮಾತ್ರ ಒಂದು ವಿಷಯವಿದೆ: ದಿನದ ಕೊನೆಗೆ ಹಾಕಿದರೆ ಮೊದಲ ಅನುಭವವೇ ರಾತ್ರಿಯ ಗ್ಯಾಪ್. ಬೆಳಿಗ್ಗೆ ಗ್ಯಾಪ್ ಕಳೆದ ಮೇಲೆ ಹಾಕಿದರೆ ಸ್ಟ್ರೈಕನ್ನು ಹೊಸ ಮಟ್ಟದಿಂದ ಅಳೆಯಬಹುದು.

ಅದೇ ದಿನದ ಸ್ಪ್ರೆಡ್‌ನಲ್ಲಿ ಹೊತ್ತೇ ಎಲ್ಲ. ಉಳಿದ ಚಲನೆ ಉಳಿದ ಸಮಯದ ವರ್ಗಮೂಲಕ್ಕೆ ಅನುಗುಣ. ಆರೂವರೆ ಗಂಟೆಯ ದಿನಕ್ಕೆ ಅಂದಾಜು ಚಲನೆ 50 ಪಾಯಿಂಟ್ ಎನ್ನಿ: ಅರ್ಧ ದಿನ ಕಳೆದಾಗ ಸ್ಥೂಲವಾಗಿ 35 ಉಳಿದಿದೆ, ಒಂದೂವರೆ ಗಂಟೆ ಉಳಿದಾಗ 24. ಬೆಳಿಗ್ಗೆ 60 ಪಾಯಿಂಟ್ ದೂರದಲ್ಲಿ ಮಾರಿದವರಿಗೂ ಮಧ್ಯಾಹ್ನ 40 ಪಾಯಿಂಟ್ ದೂರದಲ್ಲಿ ಮಾರಿದವರಿಗೂ ಗೆಲ್ಲುವ ಸಾಧ್ಯತೆ ಹತ್ತಿರ ಹತ್ತಿರ ಒಂದೇ. ಬೆಳಗಿನದಕ್ಕೆ ಕ್ರೆಡಿಟ್ ಹೆಚ್ಚು, ಖರ್ಚಿನ ಪಾಲು ಕಡಿಮೆ. ಮಧ್ಯಾಹ್ನದ್ದಕ್ಕೆ ದಿನದ ಸ್ವಭಾವ ಏನೆಂದು ಕಂಡಿರುತ್ತದೆ, ಆದರೆ ತಪ್ಪಾದರೆ ಸರಿಪಡಿಸಲು ಕಡಿಮೆ ಹೊತ್ತು ಉಳಿದಿರುತ್ತದೆ. ಇವೆರಡರಲ್ಲಿ ಬೆಳಗಿನದು, ಮೊದಲ ಗಂಟೆ ಕಳೆದ ಮೇಲಿನದು, ಮೇಲು.

ಶುಕ್ರವಾರ ಸಂಜೆ ಮಾರಿದರೆ ಶನಿವಾರ ಭಾನುವಾರದ ಕಾಲಕ್ಷಯ ಪುಕ್ಕಟೆ ಎಂಬ ನಂಬಿಕೆ ಹಳೆಯದು. ಬೆಲೆ ಕಟ್ಟುವವರಿಗೂ ಕ್ಯಾಲೆಂಡರ್ ಇದೆ. ಅವರು ಶುಕ್ರವಾರವೇ ಐವಿಯನ್ನು ಇಳಿಸಿ ಆ ಎರಡು ದಿನದ ಕ್ಷಯವನ್ನು ಬೆಲೆಯಿಂದ ತೆಗೆದಿರುತ್ತಾರೆ. ಪುಕ್ಕಟೆ ಸಿಗುವುದು ವಾರಾಂತ್ಯದ ಸುದ್ದಿಯ ಅಪಾಯ ಮಾತ್ರ.

ಒಟ್ಟಿಗೋ, ಕಂತಿನಲ್ಲೋ

ಸ್ಪ್ರೆಡ್‌ನ ಎರಡು ಲೆಗ್‌ಗಳನ್ನು ಬೇರೆ ಬೇರೆ ಹಾಕುವುದು, ಮೊದಲು ಮಾರಿ ಆಮೇಲೆ ಅಗ್ಗವಾದಾಗ ಕೊಳ್ಳುವುದು, ಲಾಭದ ಲೆಕ್ಕದಲ್ಲಿ ಆಕರ್ಷಕ. ಆದರೆ ಆ ನಡುವೆ ಕೈಯಲ್ಲಿರುವುದು ರಕ್ಷಣೆಯಿಲ್ಲದ ಪುಟ್: ಮಾರ್ಜಿನ್ (ಬ್ರೋಕರ್ ಬಳಿ ಒತ್ತೆ ಇಡಬೇಕಾದ ಹಣ) ಹಲವು ಪಟ್ಟು, ನಷ್ಟಕ್ಕೆ ತಡೆಯಿಲ್ಲ. ಉಳಿಯುವುದು ಒಂದು ಪಾಯಿಂಟ್, ಹೋಗಬಹುದಾದದ್ದು ಐವತ್ತಕ್ಕಿಂತ ಹೆಚ್ಚು. ಎರಡೂ ಲೆಗ್ ಒಂದೇ ಲಿಮಿಟ್ ಆರ್ಡರ್‌ನಲ್ಲಿ (ಬೆಲೆ ಗೊತ್ತುಮಾಡಿದ ಆರ್ಡರ್‌ನಲ್ಲಿ) ಹೋಗಲಿ. ಮಧ್ಯದ ಬೆಲೆಯಲ್ಲಿ ಇಡಿ. ಒಂದೆರಡು ನಿಮಿಷದಲ್ಲಿ ತುಂಬದಿದ್ದರೆ ಒಂದು ಟಿಕ್ (ಬೆಲೆಯ ಕನಿಷ್ಠ ಹೆಜ್ಜೆ) ಬಿಟ್ಟುಕೊಡಿ. ಇನ್ನೂ ಎರಡು ಮೂರು ಸಲ ಹಾಗೆ ಮಾಡಿ. ಮೊದಲೇ ಗೊತ್ತು ಮಾಡಿಕೊಂಡ ಕನಿಷ್ಠ ಕ್ರೆಡಿಟ್‌ಗಿಂತ ಕೆಳಗೆ ಹೋಗಬೇಕಾಗಿ ಬಂದರೆ ಆರ್ಡರ್ ರದ್ದು ಮಾಡಿ, ಆ ದಿನ ಬಿಟ್ಟುಬಿಡಿ. ಸಿಕ್ಕ ಬೆಲೆಗೆ ಹೋಗುವ ಮಾರ್ಕೆಟ್ ಆರ್ಡರ್ ಸ್ಪ್ರೆಡ್‌ಗೆ ಎಂದಿಗೂ ಅಲ್ಲ.

ಐರನ್ ಕಾಂಡರ್‌ನಲ್ಲಿ (ಸೂಚ್ಯಂಕದ ಕೆಳಗೆ ಪುಟ್ ಸ್ಪ್ರೆಡ್, ಮೇಲೆ ಕಾಲ್ ಸ್ಪ್ರೆಡ್ ಎರಡನ್ನೂ ಮಾರುವುದರಲ್ಲಿ) ಬೇರೆ ಬಗೆಯ ಕಂತಿದೆ: ಸೂಚ್ಯಂಕ ಇಳಿದ ದಿನ ಪುಟ್ ಬದಿಯ ಪೂರ್ತಿ ಸ್ಪ್ರೆಡ್, ಏರಿದ ದಿನ ಕಾಲ್ ಬದಿಯ ಪೂರ್ತಿ ಸ್ಪ್ರೆಡ್. ಪ್ರತಿ ಬದಿಗೂ ರಕ್ಷಣೆ ಇರುವುದರಿಂದ ಇದು ಒಪ್ಪಬಹುದಾದ ದಾರಿ, ಕ್ರೆಡಿಟ್ ಕೂಡ ಒಟ್ಟಿಗೆ ಹಾಕಿದ್ದಕ್ಕಿಂತ ಹೆಚ್ಚು ಬರಬಹುದು. ಸೂಚ್ಯಂಕ ಒಂದೇ ದಿಕ್ಕಿಗೆ ನಡೆದರೆ ಮಾತ್ರ ಎರಡನೇ ಬದಿಯ ದಿನ ಬರುವುದೇ ಇಲ್ಲ. ಪುಟ್ ಬದಿ ಹಾಕಿದ ಮೇಲೆ ಇಳಿಯುತ್ತಲೇ ಹೋದರೆ ಕೈಯಲ್ಲಿರುವುದು ಕಾಂಡರ್ ಅಲ್ಲ, ಸೋಲುತ್ತಿರುವ ಪುಟ್ ಸ್ಪ್ರೆಡ್. ಎರಡನೇ ಬದಿಗೆ ಎಷ್ಟು ದಿನ ಕಾಯುವುದು, ಬರದಿದ್ದರೆ ಏನು ಎಂಬುದು ಮೊದಲ ಆರ್ಡರ್‌ಗೆ ಮುಂಚೆ ಬರೆದಿರಬೇಕು. ಐದು ವಹಿವಾಟು ದಿನಕ್ಕಿಂತ ಹೆಚ್ಚು ಕಾಯುವುದು ಬೇಡ.

ಇನ್ನು ಮೆಟ್ಟಿಲು ಪದ್ಧತಿ: ಒಟ್ಟು ಅಪಾಯವನ್ನು ಐದು ಭಾಗ ಮಾಡಿ, ವಾರಕ್ಕೊಂದರಂತೆ, ಬೇರೆ ಬೇರೆ ಎಕ್ಸ್‌ಪೈರಿಯಲ್ಲಿ. ಸಂಕೇತಕ್ಕೆ ಕಾಯದೆ ವಾರದ ಗೊತ್ತಾದ ದಿನ ಹಾಕುವುದು. 'ಸರಿಯಾದ ದಿನ' ಹುಡುಕುವ ಒತ್ತಡ ಇದರಿಂದ ತಪ್ಪುತ್ತದೆ. ಒಂದೇ ದುರದೃಷ್ಟದ ಮಟ್ಟದಲ್ಲಿ ಎಲ್ಲ ಸ್ಟ್ರೈಕ್‌ಗಳೂ ಕೂರುವುದಿಲ್ಲ. ಆದರೆ ದೊಡ್ಡ ಕುಸಿತದಿಂದ ಮೆಟ್ಟಿಲು ಕಾಪಾಡುವುದಿಲ್ಲ. ಸೂಚ್ಯಂಕ ಬಿದ್ದಾಗ ಐದೂ ಸ್ಪ್ರೆಡ್ ಒಟ್ಟಿಗೇ ಬೀಳುತ್ತವೆ. ಆದ್ದರಿಂದ ಗಾತ್ರ ನಿರ್ಧರಿಸುವಾಗ ಐದರ ಗರಿಷ್ಠ ನಷ್ಟವನ್ನೂ ಕೂಡಿಸಿ, ಅದೆಲ್ಲ ಒಂದೇ ದಿನ ಹೋದರೆ ಖಾತೆ ತಡೆಯುತ್ತದೆಯೇ ನೋಡಬೇಕು. ನಮ್ಮ ಉದಾಹರಣೆಯಲ್ಲಿ ಅದು ಐದು ಸಲ 7.5 ಪಡೆದದ್ದಲ್ಲ, ಐದು ಸಲ 42.5 ಕೊಡಬೇಕಾದೀತು ಎಂಬ ಲೆಕ್ಕ. ಹೊಸಬರಿಗೆ ಮೆಟ್ಟಿಲು, ಅದರ ಮೇಲೆ ಒಂದೇ ಒಂದು ತಡೆ (ಐವಿ ಅನುಪಾತ 1ರ ಮೇಲಿದ್ದರೆ ಆ ವಾರ ಖಾಲಿ) ಸಾಕು. ಇನ್ನಷ್ಟು ಸಂಕೇತಗಳನ್ನು ಪೇರಿಸಿದರೆ ಪ್ರವೇಶವೇ ಸಿಗದೆ, ಬೇಸತ್ತು ತಪ್ಪು ದಿನ ನುಗ್ಗುವುದೇ ಹೆಚ್ಚು.

ಆರ್ಡರ್ ಒತ್ತುವ ಮುನ್ನ ಎಕ್ಸ್‌ಪೈರಿಯ ಬಗೆ

ದಿನಾಂಕ ಒಂದೇ ಇದ್ದರೂ ಎಕ್ಸ್‌ಪೈರಿಯ ಬಗೆ ಬೇರೆ ಇರಬಹುದು. ಎಸ್ ಆ್ಯಂಡ್ ಪಿ 500ರ ಸಾಂಪ್ರದಾಯಿಕ ಮಾಸಿಕ ಆಪ್ಶನ್‌ನ ವಹಿವಾಟು ಮೂರನೇ ಶುಕ್ರವಾರದ ಹಿಂದಿನ ದಿನವೇ ನಿಲ್ಲುತ್ತದೆ. ಅಂತಿಮ ಲೆಕ್ಕ ಶುಕ್ರವಾರ ಬೆಳಿಗ್ಗೆ ಒಂದೊಂದು ಷೇರೂ ತೆರೆದ ಬೆಲೆಯಿಂದ ಆಗುತ್ತದೆ. ವಾರದವುಗಳ ಲೆಕ್ಕ ಮಾರುಕಟ್ಟೆ ಮುಚ್ಚುವ ಬೆಲೆಯಿಂದ. ಮಾಸಿಕವನ್ನು ಗುರುವಾರ ಸಂಜೆ 'ಇಪ್ಪತ್ತು ಪಾಯಿಂಟ್ ದೂರ ಇದೆ, ಗೆದ್ದೆವು' ಎಂದು ಬಿಟ್ಟವರು ಶುಕ್ರವಾರದ ಗ್ಯಾಪ್‌ಗೆ ಏನೂ ಮಾಡಲಾಗದೆ ಸಿಕ್ಕಿಕೊಳ್ಳುತ್ತಾರೆ. ಅದೇ ಸೂಚ್ಯಂಕವನ್ನು ಅನುಸರಿಸುವ ಇಟಿಎಫ್‌ನ (ಷೇರಿನಂತೆ ಪೇಟೆಯಲ್ಲಿ ವಹಿವಾಟಾಗುವ ನಿಧಿಯ) ಆಪ್ಶನ್ ಅಮೆರಿಕನ್ ಶೈಲಿಯದು. ಕೊಂಡವರು ಯಾವ ದಿನ ಬೇಕಾದರೂ ಹಕ್ಕು ಚಲಾಯಿಸಬಹುದು. ಎಕ್ಸ್-ಡಿವಿಡೆಂಡ್ ದಿನದ (ಅಂದಿನಿಂದ ಕೊಂಡವರಿಗೆ ಆ ಡಿವಿಡೆಂಡ್ ಸಿಗದು) ಹಿಂದಿನ ದಿನ, ಮಾರಿದ ಕಾಲ್ ಲೆಗ್ ಬೆಲೆಯೊಳಗೆ ಹೋಗಿದ್ದರೆ (ಇಟಿಎಫ್‌ನ ಬೆಲೆ ಸ್ಟ್ರೈಕನ್ನು ದಾಟಿದ್ದರೆ) ಈ ಅಪಾಯ ಹೆಚ್ಚು. ಸೂಚ್ಯಂಕದ ಆಪ್ಶನ್ ಬಹುಪಾಲು ಯುರೋಪಿಯನ್ ಶೈಲಿ (ಎಕ್ಸ್‌ಪೈರಿಯಲ್ಲಿ ಮಾತ್ರ ಹಕ್ಕು ಚಲಾವಣೆ), ನಗದಿನಲ್ಲೇ ಲೆಕ್ಕ ಚುಕ್ತಾ. ಆದ್ದರಿಂದ ಇಟಿಎಫ್‌ನ ಕಾಲ್ ಸ್ಪ್ರೆಡ್ ಮಾರುವುದಾದರೆ ಪ್ರವೇಶದ ದಿನವೇ ಮುಂದಿನ ಎಕ್ಸ್-ಡಿವಿಡೆಂಡ್ ದಿನಾಂಕವನ್ನು ನೋಡಿ, ಅದು ಎಕ್ಸ್‌ಪೈರಿಯ ಈಚೆಗೆ ಬರುತ್ತಿದ್ದರೆ ಮುಚ್ಚುವ ದಿನವನ್ನು ಅದಕ್ಕಿಂತ ಎರಡು ದಿನ ಹಿಂದಕ್ಕೆ ಗುರುತು ಹಾಕಿಕೊಳ್ಳಿ.